ಹೊಗೆ, ಸಿಟ್ಟು ಮತ್ತು ‘ಫ್ಯೂಮ್’: ಕುಂದಾಪುರ ಸೀಮೆಯ ನುಡಿಗಳ ನಡುವೆ ಒಂದು ಇಂಗ್ಲಿಷ್ ಪದ

ಇಂಗ್ಲಿಷಿನ ‘ಫ್ಯೂಮ್’ ಎಂಬ ಪದ ನಾಮಪದವಾಗಿ, ಹೆಚ್ಚಾಗಿ ಬಹುವಚನದಲ್ಲಿ ಬಂದಾಗ ಮೂಗಿಗೆ ಅಡರುವ, ಉಸಿರಿಗೆ ತೊಡಕಾಗುವ ಹೊಗೆಯನ್ನೋ ಆವಿಯನ್ನೋ ಹೇಳುತ್ತದೆ; ಕ್ರಿಯಾಪದವಾಗಿ ಬಂದಾಗ ಅಂಥ ಹೊಗೆಯನ್ನು ಹೊರಬಿಡುವುದನ್ನೂ, ಪೂರ್ತಿ ಹೊರಹಾಕಲಾಗದ ಸಿಟ್ಟಿನಲ್ಲಿ ಮನುಷ್ಯ ಬೇಯುವುದನ್ನೂ ಸೂಚಿಸುತ್ತದೆ. ಇಂಗ್ಲಿಷ್–ಕನ್ನಡ ನಿಘಂಟುಗಳು ಇದಕ್ಕೆ ಹೊಗೆ, ಧೂಮ, ಆವಿ, ಕೋಪಗೊಳ್ಳು, ಸಿಡಿಮಿಡಿಗೊಳ್ಳು ಎಂದು ಸಾಲಾಗಿ ಸಮಾನಪದಗಳನ್ನು ಕೊಡುತ್ತವೆಯಾದರೂ, ಯಾವುದು ಎಲ್ಲಿ ಒಪ್ಪುತ್ತದೆ ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ಹೆಂಚಿನ ಕಾರ್ಖಾನೆ, ಗೇರುಬೀಜದ ಕಾರ್ಖಾನೆ, ಮೀನುಗಾರಿಕೆ ಬಂದರುಗಳಿರುವ, ದೇವಸ್ಥಾನ, ಇಗರ್ಜಿ, ಯಕ್ಷಗಾನದ ರಂಗಸ್ಥಳಗಳಿರುವ, ಒಂದಕ್ಕಿಂತ ಹೆಚ್ಚು ನುಡಿಗಳು ಮನೆಮಾತಾಗಿರುವ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳು ಈ ಪದದ ಅರ್ಥಗಳನ್ನು ಒಂದೊಂದಾಗಿ ಬಿಡಿಸಿ ನೋಡಲು ತಕ್ಕ ನೆಲವಾಗಿವೆ.

ಒಂದೇ ಸೀಮೆ, ಎರಡು ಪದಕುಲ

1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಉಡುಪಿ ಜಿಲ್ಲೆ ರೂಪುಗೊಂಡಾಗ ಕುಂದಾಪುರವು ಅದರ ಮೂರು ತಾಲ್ಲೂಕುಗಳಲ್ಲಿ ಒಂದಾಗಿತ್ತು. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾದವು. ಆಡಳಿತದ ಗಡಿಗಳು ಹೀಗೆ ಬದಲಾದರೂ ಈ ಮೂರನ್ನೂ ಒಂದಾಗಿ ಹಿಡಿದಿರುವುದು ‘ಕುಂದಾಪ್ರ ಕನ್ನಡ’ ಎಂದು ಹೆಸರಾದ ಆಡುನುಡಿ. ಪದದ ಕೊನೆಯ ಎಕಾರವನ್ನು ಇಕಾರವಾಗಿಸುವುದು ಈ ನುಡಿಯ ಎದ್ದುಕಾಣುವ ಗುಣಗಳಲ್ಲಿ ಒಂದಾದ್ದರಿಂದ ಇಲ್ಲಿ ಮನೆ ‘ಮನಿ’ಯಾಗುತ್ತದೆ, ಒಲೆ ‘ಒಲಿ’ಯಾಗುತ್ತದೆ, ಹೊಗೆ ‘ಹೊಗಿ’ಯಾಗುತ್ತದೆ. ಗಂಗೊಳ್ಳಿ ಮೂಲದ ವ್ಯಂಗ್ಯಚಿತ್ರಕಾರ ಪಂಜು ಗಂಗೊಳ್ಳಿಯವರು ಈ ನುಡಿಗೆ ನಿಘಂಟೊಂದನ್ನು ಸಂಪಾದಿಸಿದ್ದಾರೆ. 2019ರಿಂದ ಆಸಾಡಿ ಅಮಾವಾಸ್ಯೆಯನ್ನು ವಿಶ್ವ ಕುಂದಾಪ್ರ ಕನ್ನಡ ದಿನವಾಗಿ ಆಚರಿಸುವ ರೂಢಿಯೂ ಬೆಳೆದಿದೆ.

‘ಹೊಗೆ’ ಎಂಬುದರ ಹಳಗನ್ನಡ ರೂಪ ‘ಪೊಗೆ’. ಪದದ ಮೊದಲಿನ ಪಕಾರ ಹಕಾರವಾಗಿ ತಿರುಗಿದ, ‘ಪಾಲ್’ ಎಂಬುದು ‘ಹಾಲು’ ಆದ ಬದಲಾವಣೆಯಲ್ಲಿಯೇ ‘ಪೊಗೆ’ಯೂ ‘ಹೊಗೆ’ಯಾಯಿತು. ತುಳುವಿನಲ್ಲಿ ಪಕಾರ ಹಾಗೆಯೇ ಉಳಿದು ಇಂದಿಗೂ ‘ಪೊಗೆ’ ಎನ್ನುತ್ತಾರೆ. ತಮಿಳಿನ ‘ಪುಗೈ’, ತೆಲುಗಿನ ‘ಪೊಗ’ ಎಂಬ ರೂಪಗಳೂ ಇದೇ ದ್ರಾವಿಡ ಪದಕುಲಕ್ಕೆ ಸೇರಿದವು. ಇದೇ ಸೀಮೆಯ ಕೊಂಕಣಿ ಮನೆಗಳಲ್ಲಿ ಮಾತ್ರ ಹೊಗೆಗೆ ‘ಧುಂವರ್’ ಎಂಬ ಪದವಿದೆ, ಅದು ಸಂಸ್ಕೃತದ ‘ಧೂಮ’ ಎಂಬುದರ ಬಳಗದ್ದು. ಹೀಗೆ ಒಂದೇ ಪೇಟೆಯ ಅಕ್ಕಪಕ್ಕದ ಮನೆಗಳಲ್ಲಿ, ಒಂದೇ ಬಗೆಯ ಸೌದೆ ಒಲೆಯಿಂದ ಏಳುವ ಹೊಗೆಗೆ ಎರಡು ಬೇರೆ ಬೇರೆ ಭಾಷಾಕುಲಗಳ ಹೆಸರುಗಳಿವೆ.

ಇಂಗ್ಲಿಷಿನ ‘ಫ್ಯೂಮ್’ ಈ ಎರಡರಲ್ಲಿ ಕೊಂಕಣಿಯ ಪದಕ್ಕೆ ನಂಟು. ಲ್ಯಾಟಿನ್ ಭಾಷೆಯಲ್ಲಿ ಹೊಗೆಗೆ ‘ಫೂಮುಸ್’ ಎಂದು ಹೆಸರು. ಅದು ಹಳೆಯ ಫ್ರೆಂಚಿನ ಮೂಲಕ ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಇಂಗ್ಲಿಷನ್ನು ಸೇರಿತು. ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮುಂದೆ ಮಂಡಿಸಿದ ವಿಚಾರವನ್ನು ಮುಂದಿನ ಭಾಷಾಶಾಸ್ತ್ರಜ್ಞರು ವಿಸ್ತರಿಸಿದಾಗ, ಸಂಸ್ಕೃತದ ‘ಧೂಮ’ವೂ ಲ್ಯಾಟಿನ್ನಿನ ‘ಫೂಮುಸ್’ ಎಂಬುದೂ ಒಂದೇ ಇಂಡೋ-ಯುರೋಪಿಯನ್ ಮೂಲಪದದ ಎರಡು ರೂಪಗಳೆಂದು ಗುರುತಿಸಿದರು. ಸಂಸ್ಕೃತದಲ್ಲಿ ‘ಧ’ ಇರುವೆಡೆ ಲ್ಯಾಟಿನ್ನಿನಲ್ಲಿ ಪದದ ಮೊದಲಿಗೆ ‘ಫ’ ಬರುವುದು ಈ ಭಾಷೆಗಳ ನಡುವಿನ ಕ್ರಮಬದ್ಧ ಹೊಂದಿಕೆಗಳಲ್ಲಿ ಒಂದು. ಇದೇ ಮೂಲದ ಗ್ರೀಕ್ ರೂಪವಾದ ‘ಥೂಮೊಸ್’ ಎಂಬುದಕ್ಕೆ ಹೊಗೆ ಎಂಬ ಅರ್ಥ ಉಳಿಯಲಿಲ್ಲ. ಹೋಮರನ ಕಾವ್ಯಗಳಲ್ಲಿ ಅದು ಎದೆಯೊಳಗಿನ ಕಸುವು, ಛಲ, ರೋಷ ಎಂಬ ಅರ್ಥಗಳಲ್ಲಿ ಬರುತ್ತದೆ, ಪ್ಲೇಟೋ ಆತ್ಮವನ್ನು ಮೂರು ಭಾಗಗಳಾಗಿ ವಿಂಗಡಿಸಿದಾಗ ರೋಷಕ್ಕೆ ನೆಲೆಯಾದ ಭಾಗವನ್ನು ಇದೇ ಹೆಸರಿನಿಂದ ಕರೆಯುತ್ತಾನೆ. ಅಂದರೆ ಹೊಗೆಯನ್ನೂ ಸಿಟ್ಟನ್ನೂ ಒಂದೇ ಪದಕ್ಕೆ ಕಟ್ಟುವ ರೂಢಿ ಇಂಗ್ಲಿಷಿಗಿಂತ ಬಹಳ ಹಳೆಯದು.

ನೆತ್ತಿಗೇರುವ ಆವಿ, ನೆತ್ತಿಗೇರುವ ಪಿತ್ತ

ಇಂಗ್ಲಿಷಿನಲ್ಲಿ ಈ ಪದಕ್ಕೆ ಸಿಟ್ಟಿನ ಅರ್ಥ ಹದಿನಾರನೆಯ ಶತಮಾನದಲ್ಲಿ ನೆಲೆಗೊಂಡಿತು, ಅದಕ್ಕೆ ಹಿನ್ನೆಲೆಯಾಗಿದ್ದದ್ದು ಆ ಕಾಲದ ಯುರೋಪಿನ ವೈದ್ಯಶಾಸ್ತ್ರ. ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿದ್ದು ಅವುಗಳ ಏರುಪೇರಿನಿಂದ ರೋಗವೂ ಮನಃಸ್ಥಿತಿಯೂ ಉಂಟಾಗುತ್ತವೆ ಎಂದು ಆ ವೈದ್ಯರು ನಂಬಿದ್ದರು. ಹೊಟ್ಟೆಯಲ್ಲಿ ಕಾದ ಆಹಾರ, ಮದ್ಯ ಮತ್ತು ರಸಗಳಿಂದ ಎದ್ದ ಆವಿ ಮೇಲೇರಿ ಮಿದುಳನ್ನು ಮುಸುಕುತ್ತದೆ ಎಂದು ವಿವರಿಸುವಾಗ ಆ ಆವಿಗೆ ಅವರು ಬಳಸಿದ ಹೆಸರು ‘ಫ್ಯೂಮ್’. ಕುಡಿದವನ ಅಮಲನ್ನೂ ಸಿಟ್ಟಾದವನ ಮಂಕನ್ನೂ ಆ ಕಾಲದವರು ಇದರಿಂದಲೇ ವಿವರಿಸುತ್ತಿದ್ದುದರಿಂದ, ಇಂದು ಅಲಂಕಾರದಂತೆ ತೋರುವ ಮಾತು ಅವರಿಗೆ ದೇಹಶಾಸ್ತ್ರದ ಮಾತೇ ಆಗಿತ್ತು.

ಕನ್ನಡಿಗರಿಗೆ ಇದು ತೀರ ಹೊಸತಾಗಿ ಕಾಣಬೇಕಿಲ್ಲ. ವಾತ, ಪಿತ್ತ, ಕಫಗಳೆಂಬ ತ್ರಿದೋಷಗಳನ್ನು ಹೇಳುವ ಆಯುರ್ವೇದದಲ್ಲಿ ಪಿತ್ತಕ್ಕೆ ಉಷ್ಣದೊಡನೆ ಸಂಬಂಧವಿದೆ, ಕ್ರೋಧವು ಪಿತ್ತವನ್ನು ಕೆರಳಿಸುವ ಕಾರಣಗಳಲ್ಲಿ ಒಂದು. ‘ಪಿತ್ತ ನೆತ್ತಿಗೇರಿತು’ ಎಂಬ ನುಡಿಗಟ್ಟಿನಲ್ಲಿ ಆ ತಿಳಿವಳಿಕೆ ಆಡುಮಾತಾಗಿ ಉಳಿದಿದೆ. ಎರಡೂ ಕಡೆ ಸಿಟ್ಟು ಒಡಲಿನ ಬಿಸಿಯಲ್ಲಿ ಹುಟ್ಟಿ ಮೇಲೇರಿ ತಲೆಯನ್ನು ಹಿಡಿಯುತ್ತದೆ, ಆದರೆ ಹಾಗೆ ಏರುವ ವಸ್ತು ಯುರೋಪಿನವರ ಮಾತಿನಲ್ಲಿ ಆವಿಯಾಗಿದ್ದರೆ ಕನ್ನಡದಲ್ಲಿ ಪಿತ್ತರಸವೇ ಆಗಿದೆ. ಈ ಚಿಕ್ಕ ವ್ಯತ್ಯಾಸದಿಂದ ಮುಂದೆ ದೊಡ್ಡದೊಂದು ವ್ಯತ್ಯಾಸ ಹೊರಡುವುದನ್ನು ಕೆಳಗೆ ನೋಡಬಹುದು.

ಯಾವ ಹೊಗೆ ‘ಫ್ಯೂಮ್’?

ಬಳಕೆಯ ಇಂಗ್ಲಿಷಿನಲ್ಲಿ ಹೊಗೆಗೆ ಸಾಮಾನ್ಯ ಪದ ‘ಸ್ಮೋಕ್’. ಕಟ್ಟಿಗೆ, ತರಗೆಲೆ, ತೆಂಗಿನ ಗರಿ ಮುಂತಾದವು ಪೂರ್ತಿ ಉರಿಯದೆ ಉಳಿದ ಇಂಗಾಲದ ಕಣಗಳು ಗಾಳಿಯಲ್ಲಿ ಕಣ್ಣಿಗೆ ಕಾಣುವಂತೆ ತೇಲಿದರೆ ಅದು ಸ್ಮೋಕ್. ಸೌದೆ ಉರಿಸುವ ಹೆಂಚಿನ ಗೂಡಿನ ಚಿಮಣಿಯಿಂದ ಏಳುವುದು, ಹಳೆಯ ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ತಾಗಿ ಮಾಡಿನಡಿಯಲ್ಲಿ ಇಲ್ಲಣವಾಗಿ ಜೋತುಬೀಳುವುದು ಇದೇ ಬಗೆಯದು. ‘ಫ್ಯೂಮ್’ ಎಂದಾಗ ಮಾತ್ರ ಕಣ್ಣಿಗೆ ಕಾಣುವುದಕ್ಕಿಂತ ಮೂಗು, ಗಂಟಲು, ಕಣ್ಣುಗಳಿಗೆ ತಾಗುವ ಖಾರವೇ ಮುಂದಾಗುತ್ತದೆ.

ಕರಾವಳಿಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಗೇರುಬೀಜ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲ್ ಕಡೆಯಿಂದ ಭಾರತದ ಪಶ್ಚಿಮ ಕರಾವಳಿಗೆ ತಂದ ಗೇರುಗಿಡ ಕುಂದಾಪುರ–ಬೈಂದೂರಿನ ಮುರಕಲ್ಲಿನ ಗುಡ್ಡಗಳಲ್ಲಿ ಚೆನ್ನಾಗಿ ಒಗ್ಗಿಕೊಂಡಿತು. ಅದರ ಬೀಜದ ಸಿಪ್ಪೆಯಲ್ಲಿರುವ ಕಂದುಬಣ್ಣದ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಮುಂತಾದ ದ್ರವ್ಯಗಳಿದ್ದು ಅವು ತಾಗಿದರೆ ಚರ್ಮ ಸುಟ್ಟಂತಾಗುತ್ತದೆ. ಬೀಜವನ್ನು ಬೆಂಕಿಯಲ್ಲಿ ನೇರವಾಗಿ ಹುರಿದಾಗ ಈ ಎಣ್ಣೆ ಚಿಮ್ಮಿ ಉರಿದು, ಕಣ್ಣಲ್ಲಿ ನೀರು ಬರಿಸುವ ಘಾಟಿನ ಹೊಗೆ ಹುಟ್ಟುತ್ತದೆ. ಡ್ರಮ್ಮಿನಲ್ಲಿ ಹುರಿಯುವ ಹಳೆಯ ಕ್ರಮದ ಬದಲು ಬೀಜವನ್ನು ಹಬೆಯಲ್ಲಿ ಬೇಯಿಸಿ ಒಡೆಯುವ ಕ್ರಮ ಕಾರ್ಖಾನೆಗಳಲ್ಲಿ ಹರಡಲು ಇದೂ ಒಂದು ಕಾರಣ. ಈ ಹೊಗೆಗೆ ಇಂಗ್ಲಿಷಿನಲ್ಲಿ ಸಹಜವಾಗಿ ಬರುವ ಪದ ‘ಫ್ಯೂಮ್ಸ್’, ಕನ್ನಡದಲ್ಲಿ ‘ಘಾಟು’ ಅಥವಾ ‘ಘಾಟಿನ ಹೊಗೆ’ ಎಂದರೆ ಅದೇ ಅರ್ಥ ಕೈಗೆ ಸಿಗುತ್ತದೆ. ಒಗ್ಗರಣೆಗೆ ಹಾಕಿದ ಮೆಣಸು ಕರಿಕಾದಾಗ ಮನೆಮಂದಿಯೆಲ್ಲ ಕೆಮ್ಮುವುದಕ್ಕೂ ಜನ ಹೇಳುವ ಪದ ಇದೇ ‘ಘಾಟು’.

ರಸಾಯನಶಾಸ್ತ್ರದಲ್ಲಿ ಪದದ ಅರ್ಥ ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಪಿಯುಸಿ ಪ್ರಯೋಗಾಲಯದಲ್ಲಿ ಲವಣ ಪರೀಕ್ಷೆ ಮಾಡುವ ವಿದ್ಯಾರ್ಥಿಗಳು ಅಮೋನಿಯಾ ಅನಿಲವನ್ನು ಪತ್ತೆಹಚ್ಚಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಗಾಜಿನ ಕಡ್ಡಿಯನ್ನು ನಳಿಕೆಯ ಬಾಯಿಗೆ ಹಿಡಿದಾಗ ಕಾಣುವ ದಟ್ಟ ಬಿಳಿ ಧೂಮದಲ್ಲಿ ಏನೂ ಉರಿದಿರುವುದಿಲ್ಲ. ಎರಡು ಅನಿಲಗಳು ಸೇರಿ ಅಮೋನಿಯಂ ಕ್ಲೋರೈಡ್ ಎಂಬ ಘನವಸ್ತುವಿನ ಅತಿಸಣ್ಣ ಕಣಗಳಾಗುತ್ತವೆ, ಅವೇ ಧೂಮದಂತೆ ತೇಲುತ್ತವೆ. ಅಕ್ಕಸಾಲೆಯ ಅಂಗಡಿಯಲ್ಲಿ ಲೋಹವನ್ನು ನೈಟ್ರಿಕ್ ಆಮ್ಲಕ್ಕೆ ಹಾಕಿದಾಗ ಏಳುವ ಕೆಂಗಂದು ಬಣ್ಣದ್ದು ನೈಟ್ರೋಜನ್ ಡೈಆಕ್ಸೈಡ್ ಎಂಬ ವಿಷಕಾರಿ ಅನಿಲ. ಅದನ್ನೂ ‘ಫ್ಯೂಮ್ಸ್’ ಎನ್ನುವುದು ವಾಡಿಕೆ. ಬೆಂಕಿಯೇ ಇಲ್ಲದ ಇಂಥ ಕಡೆ ‘ಹೊಗೆ’ ಎಂಬುದು ಸ್ವಲ್ಪ ಅಡ್ಡಿಯಾಗುವುದರಿಂದಲೇ ಪಠ್ಯಪುಸ್ತಕಗಳ ಕನ್ನಡ ‘ಧೂಮ’ ಎಂಬ ಸಂಸ್ಕೃತ ಪದದ ಕಡೆಗೆ ವಾಲುತ್ತದೆ.

ಕಾರ್ಮಿಕರ ಆರೋಗ್ಯಶಾಸ್ತ್ರ ಈ ಪದಕ್ಕೆ ಮತ್ತೂ ಬಿಗಿಯಾದ ವ್ಯಾಖ್ಯೆ ಕೊಡುತ್ತದೆ. ಕಾಯಿಸಿದ ಲೋಹ ಆವಿಯಾಗಿ, ಆ ಆವಿ ಗಾಳಿಯಲ್ಲಿ ತಣಿದು ಮತ್ತೆ ಘನರೂಪದ ಸೂಕ್ಷ್ಮ ಕಣಗಳಾದರೆ ಮಾತ್ರ ಅದು ‘ಫ್ಯೂಮ್’. ಆ ಕಣಗಳಲ್ಲಿ ಹೆಚ್ಚಿನವು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಸಣ್ಣವಾಗಿದ್ದು ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ಗಂಗೊಳ್ಳಿಯಂಥ ಬಂದರಿನಲ್ಲಿ ಬೋಟುಗಳ ರಿಪೇರಿಗೆ, ಪೇಟೆಯಲ್ಲಿ ಗೇಟು, ಗ್ರಿಲ್ ಮಾಡುವುದಕ್ಕೆ ವೆಲ್ಡಿಂಗ್ ನಡೆಯುವಲ್ಲೆಲ್ಲ ಹುಟ್ಟುವುದು ಇದೇ ವಸ್ತು. ಸತುವಿನ ಲೇಪವಿರುವ ತಗಡನ್ನೋ ಪೈಪನ್ನೋ ಬೆಸೆಯುವವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರ, ಮೈಕೈನೋವು ಬಂದು ಒಂದೆರಡು ದಿನದಲ್ಲಿ ಇಳಿಯುವ ತೊಂದರೆಗೆ ಕಾರಣ ಸತುವಿನ ಆಕ್ಸೈಡಿನ ಕಣಗಳು. ವೈದ್ಯಕೀಯದಲ್ಲಿ ಇದಕ್ಕೆ ‘ಮೆಟಲ್ ಫ್ಯೂಮ್ ಫೀವರ್’ ಎಂಬ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಎಂಜಿನ್ನಿನ ಹೊಗೆಯನ್ನು 2012ರಲ್ಲಿಯೂ ವೆಲ್ಡಿಂಗ್ ಧೂಮವನ್ನು 2017ರಲ್ಲಿಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಕಣ್ಣಿಗೇ ಕಾಣದ ಅನಿಲಗಳನ್ನೂ ಪತ್ರಿಕೆಗಳ ಇಂಗ್ಲಿಷ್ ‘ಟಾಕ್ಸಿಕ್ ಫ್ಯೂಮ್ಸ್’ ಎಂದು ಕರೆಯುತ್ತದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರು ಸಮೀಪದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಐವರು ಕಾರ್ಮಿಕರು ಪ್ರಾಣ ಕಳೆದುಕೊಂಡಂಥ ದುರಂತಗಳನ್ನು ವರದಿ ಮಾಡುವಾಗ ಕನ್ನಡ ಪತ್ರಿಕೆಗಳು ಬಳಸುವ ಪದ ‘ವಿಷಾನಿಲ’. ಇಲ್ಲಿ ಕನ್ನಡದ ಪದವೇ ಹೆಚ್ಚು ನಿಖರ, ಏಕೆಂದರೆ ಮುಚ್ಚಿದ ಜಾಗದಲ್ಲಿ ಮೀನು ಕೊಳೆತಾಗ ಉಂಟಾಗುವ ಹೈಡ್ರೋಜನ್ ಸಲ್ಫೈಡ್‌ನಂಥ ಅನಿಲಕ್ಕೆ ಹೊಗೆಯ ರೂಪವೂ ಇಲ್ಲ, ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುವುದರಿಂದ ಎಚ್ಚರಿಸುವ ವಾಸನೆಯೂ ಉಳಿಯುವುದಿಲ್ಲ.

ಬೇಡದ ಹೊಗೆ, ಬೇಕಾದ ಹೊಗೆ

ಇದೇ ಲ್ಯಾಟಿನ್ ಮೂಲದಿಂದ ಬಂದ ‘ಪರ್ಫ್ಯೂಮ್’ ಎಂಬ ಪದಕ್ಕೆ ‘ಹೊಗೆಯಿಂದ ತುಂಬುವುದು’ ಎಂಬುದು ಮೂಲಾರ್ಥ. ಸುವಾಸನೆಯ ಅಂಟು, ತೊಗಟೆಗಳನ್ನು ಕೆಂಡದ ಮೇಲೆ ಹಾಕಿ ಕೋಣೆಗೂ ಬಟ್ಟೆಗೂ ಪರಿಮಳ ಹಿಡಿಸುತ್ತಿದ್ದ ಕಾಲದ ಪದ ಅದು. ಈಗ ಶೀಶೆಯ ಅತ್ತರಿಗೆ ಆ ಹೆಸರು ಉಳಿದಿದೆ, ಹೊಗೆ ಮಾತ್ರ ಬಿಟ್ಟುಹೋಗಿದೆ. ಈ ಸೀಮೆಯಲ್ಲಿ ಆ ಹಳೆಯ ಕ್ರಿಯೆ ಇನ್ನೂ ನಡೆಯುತ್ತಿದೆ. ಬೈಂದೂರು ತಾಲ್ಲೂಕಿನ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಯಿಂದ ಹಿಡಿದು ಊರೂರಿನ ದೇವಸ್ಥಾನಗಳವರೆಗೆ ಷೋಡಶೋಪಚಾರಗಳಲ್ಲಿ ಧೂಪವೂ ಒಂದು. 1889ರಲ್ಲಿ ಮೆಟ್ರೊಪಾಲಿಟನ್ ಪದವಿಗೇರಿದ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಪ್ರೇರಣೆಯಿಂದ ಬೆಳೆದ ಬ್ರಹ್ಮಾವರದ ಆರ್ಥೊಡಾಕ್ಸ್ ಕ್ರೈಸ್ತ ಸಮುದಾಯದ ಆರಾಧನೆಯಲ್ಲಿಯೂ ಧೂಪಕ್ಕೆ ಸ್ಥಾನವಿದೆ. ಮಗುವಿಗೆ ಎಣ್ಣೆಸ್ನಾನ ಮಾಡಿಸಿ ತಲೆಗೂದಲಿಗೆ ಲೋಬಾನದ ಹೊಗೆ ಹಿಡಿಯುವ ಪದ್ಧತಿ ಮನೆಗಳಲ್ಲಿ ಉಳಿದುಬಂದಿದೆ.

‘ಫ್ಯುಮಿಗೇಶನ್’ ಎಂಬುದು ಇದೇ ಬಳಗದ ಇನ್ನೊಂದು ಪದ. ಕ್ರಿಮಿಕೀಟ ಕೊಲ್ಲಲು ಹೊಗೆ ಅಥವಾ ಅನಿಲ ಹಾಯಿಸುವ ಈ ಕ್ರಿಯೆಗೆ ಶಾಸ್ತ್ರದ ಕನ್ನಡದಲ್ಲಿ ‘ಧೂಮೀಕರಣ’, ಮನೆಯ ಕನ್ನಡದಲ್ಲಿ ‘ಹೊಗೆ ಹಾಕುವುದು’ ಎನ್ನುತ್ತಾರೆ. ಕೊಟ್ಟಿಗೆಯಲ್ಲಿ ಸೊಳ್ಳೆ ಓಡಿಸಲು ಹಸಿಸೊಪ್ಪು ಸುಡುವುದು ನಿಜವಾದ ಹೊಗೆ. ಅಕ್ಕಿಯ ಗೋದಾಮಿನಲ್ಲಿ ಮೂಟೆಗಳಿಗೆ ಟಾರ್ಪಾಲು ಹೊದೆಸಿ ಒಳಗಿಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಹೊರಡುವ ಫಾಸ್ಫೀನ್ ಅನಿಲಕ್ಕೆ ಬಣ್ಣವಿಲ್ಲ. ಆದರೂ ಎರಡಕ್ಕೂ ಹೆಸರು ಒಂದೇ ಆಗಿರುವುದರಿಂದ, ಹೊಗೆ ಕಾಣದಿದ್ದಾಗ ಅಪಾಯವೂ ಇಲ್ಲವೆಂದು ತಿಳಿಯುವ ತಪ್ಪಿಗೆ ಅವಕಾಶವಾಗುತ್ತದೆ.

ಕೆಂಡವಾಗುವ ಮನುಷ್ಯ, ಹೊಗೆಯಾಡುವ ಗುಂಪು

ಸಿಟ್ಟಿನ ಅರ್ಥಕ್ಕೆ ಬಂದಾಗ ಎರಡು ಭಾಷೆಗಳ ದಾರಿ ಕವಲೊಡೆಯುತ್ತದೆ. ಕನ್ನಡದಲ್ಲಿ ಸಿಟ್ಟು ಮನುಷ್ಯನಿಗೆ ‘ಬರುತ್ತದೆ’, ಕುಂದಾಪುರದವರ ಬಾಯಲ್ಲಿ ‘ಅವ್ನಿಗ್ ಸಿಟ್ ಬಂತ್’. ಬಂದದ್ದು ಏರುತ್ತದೆ, ಇಳಿಯುತ್ತದೆ, ಆರುತ್ತದೆ. ಅದು ಉಗ್ರವಾದಾಗ ಮನುಷ್ಯನೇ ಬೆಂಕಿಯ ಒಂದೊಂದು ರೂಪ ತಾಳುತ್ತಾನೆ: ಕಿಡಿಕಿಡಿಯಾಗುತ್ತಾನೆ, ಕೆಂಡಾಮಂಡಲವಾಗುತ್ತಾನೆ, ಉರಿದುಬೀಳುತ್ತಾನೆ. ಹಾವಿನಂತೆ ಬುಸುಗುಟ್ಟುವುದೂ ಅನ್ನದ ಎಸರಿನಂತೆ ಒಳಗೊಳಗೇ ಕುದಿಯುವುದೂ ಇವೆ. ಇಷ್ಟೆಲ್ಲ ಇದ್ದೂ ಒಬ್ಬ ವ್ಯಕ್ತಿ ಸಿಟ್ಟಿನಿಂದ ‘ಹೊಗೆಯಾದ’ ಎಂದು ಕನ್ನಡಿಗರು ಹೇಳುವುದಿಲ್ಲ. ಬೆಂಗಳೂರು ಕಡೆಯ ಪೋಲಿಮಾತಿನಲ್ಲಿ ‘ಹೊಗೆ ಹಾಕಿಸಿಕೊಂಡ’ ಎಂದರೆ ಸತ್ತ ಎಂದೇ ಅರ್ಥವಾದೀತು.

ಹಾಗೆಂದು ಹೊಗೆಗೂ ಅಸಮಾಧಾನಕ್ಕೂ ಕನ್ನಡದಲ್ಲಿ ನಂಟಿಲ್ಲವೆಂದಲ್ಲ. 1970ರಲ್ಲಿ ಮಣಿಪಾಲದಿಂದ ಆರಂಭವಾದ ‘ಉದಯವಾಣಿ’ಯೂ ಸೇರಿದಂತೆ ಕನ್ನಡ ಪತ್ರಿಕೆಗಳ ರಾಜಕೀಯ ವರದಿಗಳಲ್ಲಿ ‘ಭಿನ್ನಮತ ಹೊಗೆಯಾಡುತ್ತಿದೆ’, ‘ಅಸಮಾಧಾನದ ಹೊಗೆ’ ಎಂಬ ಮಾತುಗಳು ಸವೆದು ನುಣುಪಾಗುವಷ್ಟು ಬಳಕೆಯಾಗಿವೆ. ಗಮನಿಸಬೇಕಾದದ್ದು ಆ ವಾಕ್ಯಗಳ ಕರ್ತೃಪದವನ್ನು: ಹೊಗೆಯಾಡುವುದು ಭಿನ್ನಮತ, ವೈಷಮ್ಯ, ಅತೃಪ್ತಿಗಳಂಥ ಭಾವಗಳು, ಮತ್ತು ಸಾಮಾನ್ಯವಾಗಿ ಅವು ಒಂದು ಪಕ್ಷದ, ಊರಿನ, ಕುಟುಂಬದ ಒಳಗಿನ ಭಾವಗಳು. ಭಾರತೀಯ ತರ್ಕಶಾಸ್ತ್ರದಲ್ಲಿ ಹೊಗೆಗೆ ದೊರೆತ ಪಾತ್ರ ಇದನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ದೂರದ ಬೆಟ್ಟದಲ್ಲಿ ಹೊಗೆ ಕಂಡು ಅಲ್ಲಿ ಬೆಂಕಿ ಇದೆಯೆಂದು ಊಹಿಸುವುದನ್ನು ನ್ಯಾಯದರ್ಶನದವರು ಅನುಮಾನ ಎಂಬ ಪ್ರಮಾಣಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿಗೆ, ಮಾದರಿ ಉದಾಹರಣೆಯಾಗಿ ಕೊಡುತ್ತಾರೆ. ‘ಬೆಂಕಿಯಿಲ್ಲದೆ ಹೊಗೆಯಾಡದು’ ಎಂಬ ಗಾದೆಯಲ್ಲಿಯೂ ಇದೇ ತಿಳಿವಿದೆ. ಕನ್ನಡದ ಹೊಗೆ ಮೊದಲಿಗೆ ಒಂದು ಸುಳಿವು, ಯಾರ ಒಲೆಯದೆಂದು ಹೊರಗಿನವರಿಗೆ ಇನ್ನೂ ಗೊತ್ತಾಗದ ಬೆಂಕಿಯ ಸುಳಿವು. ಆದಕಾರಣ ಮುಖ ಸ್ಪಷ್ಟವಾಗಿರದ ಗುಂಪಿನ ಅತೃಪ್ತಿಗೆ ಅದು ಒಪ್ಪುತ್ತದೆ, ಕಣ್ಣೆದುರೇ ಮುಖ ಕೆಂಪಾಗಿ ನಿಂತ ಮನುಷ್ಯನಿಗೆ ಒಪ್ಪುವುದಿಲ್ಲ. ಇಂಗ್ಲಿಷಿನ ‘ಫ್ಯೂಮ್’ ಹುಟ್ಟಿದ್ದು ಒಬ್ಬನ ಒಡಲಿನ ಆವಿಯಿಂದಾದ್ದರಿಂದ ಅದು ಇಂದಿಗೂ ಒಬ್ಬೊಬ್ಬರ ಸಿಟ್ಟಿಗೇ ಹೆಚ್ಚಾಗಿ ಅಂಟಿಕೊಂಡಿದೆ.

ರಂಗಸ್ಥಳದ ರೌದ್ರ

ತಡೆಹಿಡಿದ ಸಿಟ್ಟಿಗೂ ಸಿಡಿದ ಸಿಟ್ಟಿಗೂ ಇರುವ ಅಂತರವನ್ನು ಭರತನ ನಾಟ್ಯಶಾಸ್ತ್ರ ಪಾರಿಭಾಷಿಕವಾಗಿಯೇ ಗುರುತಿಸುತ್ತದೆ. ರೌದ್ರರಸಕ್ಕೆ ಆಧಾರವಾದ ಸ್ಥಾಯಿಭಾವ, ಎಂದರೆ ನೆಲೆನಿಂತ ಭಾವ, ಕ್ರೋಧ. ಬಂದುಹೋಗುವ ಮೂವತ್ತಮೂರು ವ್ಯಭಿಚಾರಿಭಾವಗಳ ಪಟ್ಟಿಯಲ್ಲಿ ‘ಅಮರ್ಷ’ ಎಂಬುದೊಂದಿದೆ. ಅವಮಾನಕ್ಕೆ ಗುರಿಯಾದವನು ಅದನ್ನು ಸಹಿಸಲಾರದೆ, ತಕ್ಷಣ ತೀರಿಸಿಕೊಳ್ಳಲೂ ಆಗದೆ ತಲೆ ಕೊಡಹುವುದು, ಬೆವರುವುದು, ಮುಖ ತಗ್ಗಿಸಿ ಚಿಂತಿಸುವುದು ಇದರ ಲಕ್ಷಣಗಳು. ಇಂಗ್ಲಿಷಿನ ‘ಫ್ಯೂಮ್’ ಎಂಬ ಕ್ರಿಯೆಗೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಇಷ್ಟು ಹತ್ತಿರದ ಪದ ಮತ್ತೊಂದಿಲ್ಲ.

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ, ಅಮೃತೇಶ್ವರಿ ಯಕ್ಷಗಾನ ಮೇಳಗಳ ನೆಲೆಯಾದ ಈ ಬಡಗುತಿಟ್ಟಿನ ಸೀಮೆಯ ಪ್ರೇಕ್ಷಕರಿಗೆ ಎರಡೂ ಭಾವಗಳು ಚೆನ್ನಾಗಿ ಪರಿಚಿತ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಈ ಕಲೆಯ ಬಗ್ಗೆ ಬರೆದ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ದ್ರೌಪದಿಯ ಮಾನಭಂಗದ ಸಂದರ್ಭದಲ್ಲಿ ಧರ್ಮರಾಯನ ಮಾತಿಗೆ ಕಟ್ಟುಬಿದ್ದು ಹಲ್ಲು ಕಡಿಯುತ್ತ ಕುಳಿತ ಭೀಮನದು ಅಮರ್ಷ. ಮಹಾಭಾರತದ ಆ ಸಭೆಯಲ್ಲಿ ಅಣ್ಣನ ತೋಳುಗಳನ್ನು ಸುಡಲು ಬೆಂಕಿ ತಾರೆಂದು ಸಹದೇವನಿಗೆ ಹೇಳುವಷ್ಟು ದೂರ ಹೋಗಿ, ಅರ್ಜುನನ ಮಾತಿನಿಂದ ಅವನು ತಡೆದುಕೊಳ್ಳುತ್ತಾನೆ. ಕುರುಕ್ಷೇತ್ರದಲ್ಲಿ ದುಶ್ಶಾಸನನ ಎದೆ ಬಗೆಯುವಾಗಿನದು ಕ್ರೋಧ. ವೇಷವಿಲ್ಲದೆ, ಕುಣಿತವಿಲ್ಲದೆ, ಮಾತಿನಿಂದಲೇ ಕಥೆ ನಡೆಯುವ ತಾಳಮದ್ದಳೆಯಲ್ಲಿ ಮೊದಲನೆಯದನ್ನು ಕೂತಲ್ಲೇ ತೋರಿಸುವುದು ಎರಡನೆಯದಕ್ಕಿಂತ ಕಷ್ಟದ ಕೆಲಸ. ‘ದೇವಿ ಮಹಾತ್ಮೆ’ಯ ಕಥೆಯಲ್ಲಂತೂ ಹೊಗೆ ಮತ್ತು ಸಿಟ್ಟು ಎದುರುಬದುರಾಗಿಯೇ ನಿಲ್ಲುತ್ತವೆ: ಶುಂಭನ ಸೇನಾಪತಿಯಾಗಿ ಬರುವ ಧೂಮ್ರಲೋಚನ, ಅಂದರೆ ಹೊಗೆಬಣ್ಣದ ಕಣ್ಣಿನವನು, ದೇವಿಯ ಹೂಂಕಾರವೊಂದಕ್ಕೇ ಬೂದಿಯಾಗುತ್ತಾನೆ.

ಅನುವಾದಕರಿಗೂ ಪತ್ರಕರ್ತರಿಗೂ ಇಂಗ್ಲಿಷ್ ಕಲಿಯುವವರಿಗೂ ಇದರಿಂದ ದೊರೆಯುವ ಸೂತ್ರ ಸರಳವಾಗಿದೆ. ವಸ್ತುವಿನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಏನಾದರೂ ಉರಿದಿದೆಯೇ ಎಂಬುದು: ಉರಿದಿದ್ದರೆ ಹೊಗೆ, ಉರಿದು ಮೂಗಿಗೆ ಖಾರವಾಗಿದ್ದರೆ ಘಾಟು, ಆಮ್ಲದಿಂದಲೋ ಕಾದ ಲೋಹದಿಂದಲೋ ಎದ್ದಿದ್ದರೆ ಧೂಮ, ಕಣ್ಣಿಗೆ ಕಾಣದೆ ಕೊಲ್ಲುವಂಥದ್ದಾಗಿದ್ದರೆ ವಿಷಾನಿಲ. ಮನಸ್ಸಿನ ವಿಷಯದಲ್ಲಿ ಕೇಳಬೇಕಾದ್ದು ಸಿಟ್ಟು ಯಾರದು, ಅದು ಹೊರಬಿದ್ದಿದೆಯೇ ಎಂಬುದು: ಒಬ್ಬನು ಒಳಗೇ ಹಿಡಿದಿಟ್ಟುಕೊಂಡಿದ್ದರೆ ಕುದಿಯುತ್ತಾನೆ, ಚೂರುಚೂರಾಗಿ ಹೊರಗೆ ಬಿಡುತ್ತಿದ್ದರೆ ಸಿಡಿಮಿಡಿಗೊಳ್ಳುತ್ತಾನೆ ಅಥವಾ ಬುಸುಗುಟ್ಟುತ್ತಾನೆ, ಹಿಡಿತ ತಪ್ಪಿದ ಮೇಲೆ ಕೆಂಡವಾಗುತ್ತಾನೆ, ‘ಹೊಗೆಯಾಡು’ ಎಂಬುದನ್ನು ಗುಂಪಿನ ಅತೃಪ್ತಿಗೆ ಕಾದಿರಿಸುವುದು ಒಳ್ಳೆಯದು. ‘ಆತ ಕೋಪದಿಂದ ಹೊಗೆಯುಗುಳಿದ’ ಎಂಬಂಥ ಅನುವಾದದ ವಾಕ್ಯಗಳನ್ನು ಓದುವಾಗ ಆಗುವ ಇರುಸುಮುರುಸಿಗೆ ಕಾರಣ ಓದುಗರ ಸಂಪ್ರದಾಯಪ್ರಿಯತೆ ಆಗಿರುವುದಿಲ್ಲ. ಮನುಷ್ಯನ ಸಿಟ್ಟಿಗೆ ಬೆಂಕಿಯನ್ನೂ, ಕಾಣದ ಬೆಂಕಿಯ ಸುಳಿವಿಗೆ ಹೊಗೆಯನ್ನೂ ಕನ್ನಡ ಬಹುಕಾಲದಿಂದ ಹಂಚಿಕೊಟ್ಟಿದೆ, ಆ ವಾಕ್ಯ ಅದನ್ನು ಮರೆತಿರುತ್ತದೆ.